ನಾಲ್ಕು ತಿಂಗಳ ಮಗುವಿಗೆ ಕರೆಂಟ್ ಕೊಡುವ ಟೆಸ್ಟ್ ಬೇಕಾ?

ಪ್ರಶ್ನೆ: ತಂಗಿಯ ಮಗುವಿಗೆ ನಾಲ್ಕು ತಿಂಗಳು. ಮೊದಲು ಮಲಬದ್ಧತೆ ಆಯಿತು. ಈಗ ಹಾಲು ಎಳೆಯಲು ಆಗುತ್ತಿಲ್ಲ, ಕುತ್ತಿಗೆ ನಿಲ್ಲುತ್ತಿಲ್ಲ, ರೆಪ್ಪೆ ಜೋತಿದೆ. ಆಸ್ಪತ್ರೆಗೆ ಸೇರಿಸಿದ್ದೇವೆ. ಬಾಟುಲಿಸಂ ಇರಬಹುದು, ನರದ ಟೆಸ್ಟ್ ಮಾಡೋಣ ಅಂದಿದ್ದಾರೆ. ಮಲದ ಪರೀಕ್ಷೆ ಸಾಲದಾ? – ಉಡುಪಿಯ ಓದುಗರೊಬ್ಬರು

ಉತ್ತರ: ಬಾಟುಲಿಸಂ ಎಂದರೆ ಮಗುವಿನ ಕರುಳಿನಲ್ಲಿ ಬೆಳೆಯುವ ಒಂದು ರೋಗಾಣು ಉಗುಳುವ ವಿಷದಿಂದ ಸ್ನಾಯುಗಳು ಸೋಲುವ ಕಾಯಿಲೆ. ಅದು ಖಚಿತವಾಗುವುದು ಮಲದ ಪರೀಕ್ಷೆಯಿಂದಲೇ. ಆದರೆ ಆ ಪರೀಕ್ಷೆಯನ್ನು ಎಲ್ಲ ಲ್ಯಾಬ್‌ಗಳಲ್ಲಿ ಮಾಡುವುದಿಲ್ಲ, ವರದಿಗೆ ದಿನಗಟ್ಟಲೆ ಕಾಯಬೇಕು. ಮಲಬದ್ಧತೆ ಇರುವ ಮಗುವಿನ ಮಲ ಸಿಗುವುದೂ ಕಷ್ಟ ಅಲ್ವಾ? ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸ್ನಾಯು ಹೇಗೆ ಉತ್ತರಿಸುತ್ತದೆ ಎಂದು ನೋಡುವ ಈ ನರದ ಟೆಸ್ಟ್ ಮಾಡಿದರೆ ಅದೇ ದಿನ ಸುಳಿವು ಸಿಗುತ್ತದೆ.

ಈ ವಿಷ ಕೂರುವುದು ನರದ ತುದಿಯಲ್ಲಿ. ಸ್ನಾಯುವಿಗೆ 'ಕುಗ್ಗು' ಎಂದು ಹೇಳುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬರದಂತೆ ತಡೆಯುತ್ತದೆ. ಹಾಗಾಗಿ ನರದಲ್ಲಿ ಕರೆಂಟ್ ಓಡುವ ವೇಗ ಸರಿಯಾಗಿಯೇ ಇರುತ್ತದೆ, ಸ್ಪರ್ಶದ ನರಗಳೂ ಸರಿ ಇರುತ್ತವೆ. ಸ್ನಾಯುವಿನ ಉತ್ತರ ಮಾತ್ರ ಸ್ಕ್ರೀನ್ ಮೇಲೆ ತೀರಾ ಸಣ್ಣ ಅಲೆಯಾಗಿ ಕಾಣುತ್ತದೆ. ಆಮೇಲೆ ಸೆಕೆಂಡಿಗೆ 20ರಿಂದ 50 ಸಲ ಬೇಗ ಬೇಗ ಕರೆಂಟ್ ಕೊಡುತ್ತಾರೆ. ನರದ ತುದಿಯಲ್ಲಿ ಕ್ಯಾಲ್ಸಿಯಂ ತುಂಬುತ್ತದೆ, ಅಸಿಟೈಲ್‌ಕೋಲಿನ್ ಸ್ವಲ್ಪ ಜಾಸ್ತಿ ಹೊರಬರುತ್ತದೆ, ಆ ಸಣ್ಣ ಅಲೆ ಕಣ್ಣೆದುರೇ ದೊಡ್ಡದಾಗುತ್ತದೆ. ಡಾಕ್ಟರ್ ಹುಡುಕುವುದು ಇದನ್ನೇ. ಬೆನ್ನುಹುರಿಯ ನರಕೋಶ ಸಾಯುವ ಎಸ್‌ಎಂಎ ಕಾಯಿಲೆಯಲ್ಲೂ ಮಗು ಹೀಗೆಯೇ ಮೆತ್ತಗಾಗುತ್ತದೆ, ಆದರೆ ಅಲ್ಲಿ ಸೂಜಿ ಚುಚ್ಚಿ ನೋಡುವ ಇಎಂಜಿ ಬೇರೆಯೇ ಕತೆ ಹೇಳುತ್ತದೆ.

ನೋಯುತ್ತದಾ? ಹೌದು, ಬೇಗ ಬೇಗ ಕೊಡುವ ಆ ಭಾಗ ನೋಯುತ್ತದೆ. ಸುಳ್ಳು ಹೇಳುವುದಿಲ್ಲ. ಆದರೆ ಅದು ಕೆಲವೇ ಸೆಕೆಂಡು, ನರಕ್ಕೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ಟೆಸ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಬಾಟುಲಿಸಂ ಇಲ್ಲ ಎನ್ನಲಾಗದು. ಕಾಯಿಲೆಯ ಶುರುವಿನಲ್ಲಿ ಏನೂ ಕಾಣದೆಯೂ ಇರಬಹುದು. ಲಕ್ಷಣ ಹೊಂದುತ್ತಿದ್ದರೆ ಪ್ರತಿವಿಷ ಕೊಡಲು ಯಾವ ವರದಿಗೂ ಕಾಯಬಾರದು. ಮಗುವಿನ ಉಸಿರಾಟದ ಮೇಲಂತೂ ಹಗಲೂ ರಾತ್ರಿ ಕಣ್ಣಿರಬೇಕು.

ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುವುದು ನಮ್ಮ ಕಡೆ ಈಗಲೂ ಇದೆ. ನಿಮ್ಮಲ್ಲೂ ಕೊಟ್ಟಿದ್ದರೆ ಅಜ್ಜಿಯ ಮೇಲೆ ರೇಗಬೇಡಿ, ಡಾಕ್ಟರಿಗೆ ಮಾತ್ರ ಮುಚ್ಚಿಡದೆ ಹೇಳಿ. ಜೇನಿನಲ್ಲಿ ಈ ರೋಗಾಣುವಿನ ಬೀಜಕಣ ಇರಬಹುದು, ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಕೊಟ್ಟಿಲ್ಲವೆಂದರೂ ಅನುಮಾನ ಬಿಡುವಂತಿಲ್ಲ, ಆ ಬೀಜಕಣ ಮಣ್ಣು, ಧೂಳಿನಲ್ಲೂ ಇರುತ್ತದೆ.