ಮಳೆನೆರಳು ಅಂದರೆ ಯಾವ ನೆರಳು?

ಜುಲೈನಲ್ಲಿ ಕಲಬುರಗಿ ಮೇಲೆ ದಿನವಿಡೀ ಮೋಡ ಓಡುತ್ತಿರುತ್ತವೆ, ತೊಗರಿ ಹೊಲಕ್ಕೆ ಬೀಳುವುದು ನಾಲ್ಕು ಹನಿ. ‘ಗುಡ್ಡ ಮೋಡಾನ ತಡೀತದ’ ಎಂಬ ಮಾತು ಅರ್ಧ ಮಾತ್ರ ಸರಿ. ತಡೆದಿದ್ದರೆ ತಲೆ ಮೇಲೆ ಓಡುತ್ತಿರುವುದೇನು?

ಲೆಕ್ಕ ಹಾಕಿ ನೋಡಿ. ಕೊಂಕಣ ತೀರದ ಗಾಳಿ 28 ಡಿಗ್ರಿ ಇದೆ ಅನ್ನಿ. ಸಹ್ಯಾದ್ರಿ ಹತ್ತುವಾಗ ಮೊದಲ 500 ಮೀಟರಿಗೆ ಸುಮಾರು 5 ಡಿಗ್ರಿ ತಣಿದು 23ಕ್ಕೆ ಇಳಿಯುತ್ತದೆ. ಅಲ್ಲಿ ಮೋಡ ಕಟ್ಟಿತೆನ್ನಿ. ಆವಿ ನೀರಾಗುವಾಗ ಶಾಖ ಬಿಡುವುದರಿಂದ ಮುಂದಿನ 500 ಮೀಟರಿಗೆ ತಣಿಯುವುದು 2 ಡಿಗ್ರಿ ಮಾತ್ರ, ಅಂದರೆ ನೆತ್ತಿಯಲ್ಲಿ 21. ಅಲ್ಲೇ ಮಳೆ ಸುರಿದು, ಒಣಗಿದ ಗಾಳಿ ಇತ್ತ 450 ಮೀಟರ್ ಎತ್ತರಕ್ಕೆ ಇಳಿದರೆ, 100 ಮೀಟರಿಗೆ ಸುಮಾರು ಒಂದು ಡಿಗ್ರಿ ಬಿಸಿಯಾಗುತ್ತಾ 26 ಡಿಗ್ರಿ ದಾಟುತ್ತದೆ. ಹತ್ತುವಾಗ ಅದೇ ಎತ್ತರದಲ್ಲಿ 23.6 ಇತ್ತು. ಬಿಸಿ ಹೆಚ್ಚು, ನೀರು ಕಡಿಮೆ, ಉಳಿದ ಮೋಡವೂ ಸವೆಯುತ್ತದೆ. ಈ ಇಳಿಯುವ ಬದಿಯೇ ಮಳೆನೆರಳು. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿ.ಮೀ. ಮೀರುವ ಮಳೆ, ಇಪ್ಪತ್ತು ಕಿ.ಮೀ. ಆಚೆಯ ಪಂಚಗಣಿಯಲ್ಲಿ ಅದರ ಮೂರರಲ್ಲೊಂದು ಪಾಲು.

ರೇಡಾರ್ ಅಂದರೆ ರೇಡಿಯೋ ಅಲೆ ಕಳಿಸಿ, ಹನಿ-ಹಿಮಕ್ಕೆ ತಾಗಿ ಮರಳುವ ಪ್ರತಿಧ್ವನಿ ಹಿಡಿಯುವ ಯಂತ್ರ. ಗುಡ್ಡದ ಮೇಲಿನ ಮೋಡದ ಒಳಗನ್ನು ನೆಲದ ರೇಡಾರ್ ಪೂರ್ತಿ ಕಾಣಲಾರದು. ಕಿರಣಕ್ಕೆ ಶಿಖರವೇ ಅಡ್ಡ; ದೂರ ಹೋದಷ್ಟೂ ಕಿರಣ ನೆಲ ಬಿಟ್ಟು ಮೇಲೇಳುತ್ತದೆ. ಅದಕ್ಕೇ ರೇಡಾರನ್ನು ವಿಮಾನಕ್ಕೆ ಕಟ್ಟಿ ಮೇಲಿಂದ ನೋಡುವುದು. 2015-16ರ ಚಳಿಗಾಲದಲ್ಲಿ ಅಮೆರಿಕದ ಒಲಿಂಪಿಕ್ ಪರ್ವತಗಳ ಮೇಲೆ ಒಲಿಂಪೆಕ್ಸ್ ಎಂಬ ಮಳೆ-ಹಿಮದ ಅಧ್ಯಯನಕ್ಕೆ ನಾಸಾದ ಡಿಸಿ-8 ವಿಮಾನ ಹೀಗೆ ಹಾರಿತು. ಹಿಮ ಕರಗುವ ಎತ್ತರ ಅದರ ಚಿತ್ರದಲ್ಲಿ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಹಿಮದ ಹಳುಕಿಗೆ ನೀರಿನ ಪೊರೆ ಹತ್ತಿ ಪ್ರತಿಧ್ವನಿ ಜೋರಾಗುತ್ತದೆ, ಅಷ್ಟೆ. ಅದನ್ನೇ ಭಾರೀ ಮಳೆ ಎಂದು ಓದುವುದು ಹೊಸಬರ ಮೊದಲ ತಪ್ಪು. ಗಾಳಿಗೆ ಮುಖಮಾಡಿದ ಇಳಿಜಾರಿನಲ್ಲಿ ಆ ಪಟ್ಟಿಯ ಮೇಲೂ, ಹಿಮದ ಪದರದಲ್ಲೇ, ಪ್ರತಿಧ್ವನಿ ಬಲವಾಗಿತ್ತು. ಗುಡ್ಡದ ಪ್ರಭಾವ ಅಷ್ಟು ಎತ್ತರಕ್ಕೂ ಮುಟ್ಟುತ್ತದೆ.

ಎಡವಲು ಜಾಗ ಬೇಕಾದಷ್ಟಿವೆ. ಸೆಕೆಂಡಿಗೆ 200 ಮೀಟರ್ ಹಾರುವ ವಿಮಾನದಲ್ಲಿ ರೇಡಾರ್ ಒಂದೇ ಡಿಗ್ರಿ ಹಿಂದೆಮುಂದೆ ವಾಲಿದರೂ ವಿಮಾನದ ವೇಗವೇ ಬೆರೆತು, ಹನಿ-ಹಿಮ ಬೀಳುವ ವೇಗದ ಅಳತೆಯಲ್ಲಿ ಸೆಕೆಂಡಿಗೆ 3.5 ಮೀಟರ್ ತಪ್ಪು. ಹಿಮ ಬೀಳುವುದೇ ಸೆಕೆಂಡಿಗೆ ಒಂದೆರಡು ಮೀಟರ್! 3 ಮಿ.ಮೀ. ಅಲೆಯುದ್ದದ ರೇಡಾರ್ ಜೋರು ಮಳೆಯಲ್ಲಿ ಅರ್ಧದಾರಿಗೇ ಸೊರಗುತ್ತದೆ, 2 ಸೆಂ.ಮೀ. ಅಲೆ ನೆಲದವರೆಗೂ ತಾಳುತ್ತದೆ. ನೆಲಕ್ಕೆ ತೀರಾ ಹತ್ತಿರದ ಮಳೆಯಂತೂ ನೆಲದ ಪ್ರತಿಧ್ವನಿಯಲ್ಲೇ ಮುಚ್ಚಿಹೋಗುತ್ತದೆ.

ಒಲಿಂಪಿಕ್ ಚಿತ್ರವನ್ನು ಸಹ್ಯಾದ್ರಿಗೆ ಹಾಗೇ ಅಂಟಿಸಲಾಗದು. ಮುಂಗಾರಿನಲ್ಲಿ ಇಲ್ಲಿ ಹಿಮ ಕರಗುವ ಮಟ್ಟ ಸುಮಾರು 5 ಕಿ.ಮೀ. ಎತ್ತರದಲ್ಲಿದೆ. ಘಟ್ಟದ ಮೋಡಗಳು ಬಹಳಷ್ಟು ಸಲ ಅಲ್ಲಿಗೆ ಮುಟ್ಟುವುದೇ ಇಲ್ಲ. ಹಿಮವಿಲ್ಲದೆ, ಹನಿಗೆ ಹನಿ ಕೂಡಿ ಸುರಿದುಬಿಡುತ್ತವೆ.

ನೆರಳೆಲ್ಲ ಒಂದೇ ಕಪ್ಪಲ್ಲ. ವಿಜಯಪುರಕ್ಕಿಂತ ಕಲಬುರಗಿಗೆ ಹೆಚ್ಚು ಮಳೆ, ಬೀದರಿಗೆ ಇನ್ನೂ ಹೆಚ್ಚು: ಪಶ್ಚಿಮದ ಗಾಳಿ ಕೈಕೊಟ್ಟಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕೈಹಿಡಿಯುತ್ತದೆ. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮಳೆ ಹೆಚ್ಚಲು ಇದೂ ಒಂದು ಕಾರಣ. ಗಾಳಿ ಪೂರ್ವದಿಂದ ಬಂದಾಗ ಸಹ್ಯಾದ್ರಿಯ ನೆರಳು ಇತ್ತ ಬೀಳುವುದೇ ಇಲ್ಲ. 2020ರ ಅಕ್ಟೋಬರಿನಲ್ಲಿ ಕಾಕಿನಾಡದ ಬಳಿ ದಡ ಹತ್ತಿದ ಕುಸಿತ ಇತ್ತ ಸಾಗಿದಾಗ ಭೀಮಾ ಉಕ್ಕಿ ಕಲಬುರಗಿ, ಯಾದಗಿರಿಯ ಊರುಗಳಿಗೆ ನೀರು ನುಗ್ಗಿತ್ತು. ಘಟ್ಟದ ಮೇಲೆ ಸುರಿದ ಮಳೆಯದು ಬೇರೆ ದಾರಿ. ಮಹಾಬಳೇಶ್ವರದ ನೀರು ಕೃಷ್ಣೆಯಲ್ಲಿ ಹರಿದು ನಾರಾಯಣಪುರ ಜಲಾಶಯ ತುಂಬಿಸುತ್ತದೆ. ಗೇಟು ತೆರೆದ ದಿನ ಯಾದಗಿರಿ ಜಿಲ್ಲೆಯ ನದಿದಂಡೆಯಲ್ಲಿ ಬಿಸಿಲು ಇರಬಹುದು, ಮಳೆಮಾಪಕ ಒಣಗಿರಬಹುದು, ಹೊಲದಲ್ಲಿ ನೀರು ನಿಂತಿರಬಹುದು.