ಸಾಲಿನ ತುದಿ ಮುಟ್ಟಿದ ಮೇಲೆ ಅರ್ಧ ನೀರು ಸಾಕು

ಇಳಿಜಾರು ಹೊಲದ ಸಾಲಿಗೆ ಬಿಟ್ಟ ನೀರು ಎರಡು ಕಡೆ ಪೋಲಾಗುತ್ತದೆ. ಮೇಲ್ತುದಿಯಲ್ಲಿ ಬೇರಿಗೆ ನಿಲುಕದ ಆಳಕ್ಕೆ ಇಂಗುತ್ತದೆ, ಕೆಳತುದಿಯಲ್ಲಿ ಹೊಲ ದಾಟಿ ಹರಿಯುತ್ತದೆ. ಇಳಿಜಾರು ಹೆಚ್ಚಿದಷ್ಟೂ ಎರಡನೆಯ ನಷ್ಟವೇ ದೊಡ್ಡದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ತಗ್ಗಿನ ಹೊಲಗಳು ಸವಳು-ಜವಳಾಗಲು (ಉಪ್ಪೇರಿ, ನೀರು ನಿಂತು ಕೆಡಲು) ಮೇಲಿನ ಹೊಲಗಳ ಅತಿನೀರೂ ಒಂದು ಕಾರಣ.

ಮೊದಲು ಇಳಿಜಾರು ಅಳೆಯಿರಿ. ಗಾರೆಯವರು ಬಳಸುವ ನೀರು ತುಂಬಿದ ಮಟ್ಟದ ಪೈಪೇ ಸಾಕು. 20 ಮೀಟರಿಗೆ 10 ಸೆಂ.ಮೀ. ಇಳಿದರೆ ಅದು ಶೇ 0.5. ಸಾಲಿಗೆ ಇದಕ್ಕಿಂತ ಹೆಚ್ಚು ಇಳಿಜಾರು ಬೇಡ. ಹೊಲ ಇನ್ನೂ ಕಡಿದಾಗಿದ್ದರೆ ಸಾಲನ್ನು ಇಳಿಜಾರಿಗೆ ಅಡ್ಡಲಾಗಿ ತೆಗೆಯಬೇಕು.

ಮಣ್ಣು ಕೊಚ್ಚದಂತೆ ಒಂದು ಸಾಲಿಗೆ ಎಷ್ಟು ನೀರು ಬಿಡಬಹುದು? 0.6ನ್ನು ಇಳಿಜಾರಿನ ಶೇಕಡಾ ಅಂಕಿಯಿಂದ ಭಾಗಿಸಿ. ಶೇ 0.5 ಇದ್ದರೆ ಸೆಕೆಂಡಿಗೆ 1.2 ಲೀಟರ್. ಸಾಲಿನ ಬಾಯಲ್ಲಿ ಗುಂಡಿ ತೋಡಿ 15 ಲೀಟರಿನ ಬಕೆಟ್ ಇಟ್ಟರೆ ಸುಮಾರು 12 ಸೆಕೆಂಡಿನಲ್ಲಿ ತುಂಬಬೇಕು. ಬೇಗ ತುಂಬಿದರೆ ನೀರು ಜಾಸ್ತಿ.

ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಉಳಿಸುವ ಕ್ರಮ ಇದು: ನೀರು ತುದಿ ಮುಟ್ಟಿದ ಕೂಡಲೇ ಹರಿವನ್ನು ಅರ್ಧಕ್ಕೆ ಇಳಿಸುವುದು. 100 ಮೀಟರ್ ಉದ್ದ, 75 ಸೆಂ.ಮೀ. ಅಂತರದ ಸಾಲನ್ನು ತೆಗೆದುಕೊಳ್ಳಿ. ನೀರು 20 ನಿಮಿಷಕ್ಕೆ ತುದಿ ಮುಟ್ಟಿತು, ತುದಿಯ ಮಣ್ಣು ನೆನೆಯಲು ಇನ್ನೂ 80 ನಿಮಿಷ ಬೇಕು ಎನ್ನೋಣ. ಸೆಕೆಂಡಿಗೆ 1.2 ಲೀಟರಿನ ಪೂರ್ತಿ ಹರಿವನ್ನೇ ಮುಂದುವರಿಸಿದರೆ ಒಟ್ಟು 7,200 ಲೀಟರ್, ಅರ್ಧಕ್ಕೆ ಇಳಿಸಿದರೆ 4,320. ಎಕರೆಗೆ ಇಂಥ 54 ಸಾಲು ಬರುತ್ತವೆ. ಒಂದೇ ಸರದಿಯಲ್ಲಿ ಒಂದೂವರೆ ಲಕ್ಷ ಲೀಟರ್ ಉಳಿತಾಯ!

ಸಾಲಿಗೆ ಒಂದರ ಬದಲು ಎರಡು ಸಣ್ಣ ಸೈಫನ್ ಪೈಪು (ಕಾಲುವೆಯ ಏರಿ ದಾಟಿಸಿ ಸಾಲಿಗೆ ನೀರೆಳೆಯುವ ಬಾಗಿದ ಪೈಪು) ಹಾಕಿದ್ದರೆ ಕೆಲಸ ಸುಲಭ: ಒಂದನ್ನು ಕಿತ್ತು ಮುಂದಿನ ಸಾಲಿಗೆ ಹಾಕಿ. ಹೀಗೆ ಬೇರೆ ಸಾಲಿಗೆ ತಿರುಗಿಸದೆ ಬಿಟ್ಟರೆ ಕಾಲುವೆಯ ಮಟ್ಟ ಏರಿ, ಉಳಿದ ಪೈಪುಗಳಲ್ಲಿ ಹರಿವು ಹೆಚ್ಚುತ್ತದೆ, ಲೆಕ್ಕವೆಲ್ಲ ತಪ್ಪುತ್ತದೆ.

ನೀರು ತುದಿ ಮುಟ್ಟಲು, ತುದಿಯ ಮಣ್ಣು ನೆನೆಯುವ ಸಮಯದ ಕಾಲು ಭಾಗಕ್ಕಿಂತ ಬಹಳ ಹೆಚ್ಚು ಹಿಡಿದರೆ ಮೇಲ್ತುದಿ ಅತಿಯಾಗಿ ನೆನೆಯುತ್ತದೆ. ಬೇಗ ಇಂಗುವ ಮಸಾರಿ ಮಣ್ಣಿನಲ್ಲಿ ಹೀಗಾಗುವುದೇ ಹೆಚ್ಚು. ಅಲ್ಲಿ ಸಾಲನ್ನೇ ಗಿಡ್ಡ ಮಾಡಬೇಕು.

ಮರುದಿನ ಕಬ್ಬಿಣದ ಸರಳನ್ನು ಮೇಲೆ, ನಡುವೆ, ಕೆಳಗೆ ಮಣ್ಣಿಗೆ ಒತ್ತಿ ನೋಡಿ. ಹಸಿ ಮಣ್ಣಿನಲ್ಲಿ ಸಲೀಸಾಗಿ ಇಳಿದು, ಒಣ ಪದರಕ್ಕೆ ತಾಗಿ ನಿಲ್ಲುತ್ತದೆ. ಕೆಳತುದಿಯಲ್ಲಿ ಮಾತ್ರ ಕಡಿಮೆ ಇಳಿದರೆ ಮುಂದಿನ ಸರದಿಗೆ ಅರ್ಧ ಹರಿವಿನ ಹೊತ್ತನ್ನು ಹತ್ತು ನಿಮಿಷ ಹೆಚ್ಚಿಸಿ, ಹರಿವನ್ನಲ್ಲ.