ಸಮಾಜವನ್ನು ಹೆಚ್ಚು ಬದಲಿಸಿದ್ದು ಅಚ್ಚುಮೊಳೆಯೋ, ತಂತಿಯೋ, ಇಂಟರ್‌ನೆಟ್ಟೋ?

ಪ್ರಶ್ನೆ: ಮುದ್ರಣ, ತಂತಿ, ರೇಡಿಯೊ, ಟಿ.ವಿ., ಇಂಟರ್‌ನೆಟ್, ಇವುಗಳಲ್ಲಿ ಒಂದೊಂದು ಬಂದಾಗಲೂ ಜಗತ್ತೇ ಬದಲಾಯಿತು ಎಂದು ಓದುತ್ತೇವೆ. ನಿಜವಾಗಿ ಸಮಾಜವನ್ನು ಬುಡಸಮೇತ ಬದಲಿಸಿದ್ದು ಯಾವುದು?

ಉತ್ತರ: ಹೆಚ್ಚಿನವರು ಯುರೋಪಿನಲ್ಲಿ ಅಚ್ಚುಮೊಳೆಯ ಮುದ್ರಣ ಶುರುಮಾಡಿದ ಗುಟೆನ್‌ಬರ್ಗ್‌ನ ಹೆಸರು ಹೇಳುತ್ತಾರೆ, ಕಿರಿಯರು ಇಂಟರ್‌ನೆಟ್ ಎನ್ನುತ್ತಾರೆ. ನನ್ನ ಮತ ಇವೆರಡರ ನಡುವೆ ಬಂದು ಈಗ ಮರೆಗೆ ಸರಿದಿರುವ ತಂತಿಗೆ, ಅಂದರೆ ಟೆಲಿಗ್ರಾಫಿಗೆ. ಏಕೆಂದು ಹೇಳಲು ಒಂದು ಯುದ್ಧದಿಂದ ಶುರುಮಾಡಬೇಕು.

1814ರ ಡಿಸೆಂಬರ್ 24ರಂದು ಈಗಿನ ಬೆಲ್ಜಿಯಂನ ಗೆಂಟ್ ನಗರದಲ್ಲಿ ಬ್ರಿಟನ್ ಮತ್ತು ಅಮೆರಿಕ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಎರಡು ವಾರ ಕಳೆದು, 1815ರ ಜನವರಿ 8ರ ಬೆಳಗ್ಗೆ, ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷ್ ಸೈನಿಕರು ಅಮೆರಿಕನ್ನರ ಫಿರಂಗಿಗಳಿಗೆ ಎದೆಯೊಡ್ಡಿ ನಡೆದರು. ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಅವರ ಕಡೆ ಸುಮಾರು 2,000 ಮಂದಿ ನಷ್ಟವಾದರು. ಒಪ್ಪಂದದ ಸುದ್ದಿ ಹೊತ್ತ ಹಡಗು ಆಗಿನ್ನೂ ಅಟ್ಲಾಂಟಿಕ್ ದಾಟಿರಲಿಲ್ಲ. ಅದು ನ್ಯೂಯಾರ್ಕ್ ಮುಟ್ಟಿದ್ದು ಫೆಬ್ರವರಿಯಲ್ಲಿ. ಒಪ್ಪಂದ ಜಾರಿಗೆ ಬರಲು ಎರಡೂ ಸರ್ಕಾರಗಳ ಅಂಗೀಕಾರ ಬಾಕಿಯಿತ್ತು ಎನ್ನುವುದು ನಿಜ. ಆದರೂ ಸಹಿಯಾಗಿದೆ ಎಂದು ತಿಳಿದ ಮೇಲೆ ಆ ಮೈದಾನಕ್ಕೆ ತನ್ನವರನ್ನು ನುಗ್ಗಿಸಲು ಯಾವ ಸೇನಾಧಿಪತಿಗೆ ಮನಸ್ಸು ಬರುತ್ತಿತ್ತು?

ಆ ಕಾಲಕ್ಕೆ ಯುರೋಪಿಗೆ ಅಚ್ಚುಮೊಳೆಯ ಮುದ್ರಣ ಬಂದು ಮೂರೂವರೆ ಶತಮಾನ ದಾಟಿತ್ತು ಎಂಬುದನ್ನು ಗಮನಿಸಿ. ಮುದ್ರಣದ ಮಹತ್ವವನ್ನು ನಾನು ಕಿಂಚಿತ್ತೂ ಕಡಿಮೆ ಮಾಡುತ್ತಿಲ್ಲ. ಬಿಡಿ ಅಚ್ಚುಗಳ ಮುದ್ರಣ ಚೀನಾದಲ್ಲಿ 11ನೇ ಶತಮಾನದಲ್ಲೇ ಇತ್ತು. ಕೊರಿಯಾದಲ್ಲಿ ಲೋಹದ ಅಚ್ಚುಗಳಿಂದ 1377ರಲ್ಲಿ ಮುದ್ರಿಸಿದ ಬೌದ್ಧ ಗ್ರಂಥ ಇಂದಿಗೂ ಉಳಿದಿದೆ. ಯುರೋಪಿನ ಮೈಂಟ್ಸ್‌ನಲ್ಲಿ 1455ರ ಹೊತ್ತಿಗೆ ಗುಟೆನ್‌ಬರ್ಗ್ ಬೈಬಲ್‌ನ ಸುಮಾರು 180 ಪ್ರತಿಗಳನ್ನು ಅಚ್ಚುಹಾಕಿದ. ಅದೇ ಹೊತ್ತಿಗೆ ಮೈಂಟ್ಸ್‌ನಲ್ಲಿ ಪಾಪವಿಮೋಚನಾ ಪತ್ರಗಳೂ ಅಚ್ಚಾದವು; ಚರ್ಚು ಹಣ ಪಡೆದು ಕೊಡುತ್ತಿದ್ದ, ಹೆಸರು ತುಂಬಲು ಖಾಲಿ ಜಾಗ ಬಿಟ್ಟ ಪತ್ರಗಳವು. 1517ರಲ್ಲಿ ಮಾರ್ಟಿನ್ ಲೂಥರ್ ಈ ವ್ಯಾಪಾರದ ವಿರುದ್ಧವೇ ಎದ್ದುನಿಂತಾಗ ಅವನ ಮಾತನ್ನು ಜರ್ಮನಿಯುದ್ದಕ್ಕೂ ಹಬ್ಬಿಸಿದ್ದೂ ಅಚ್ಚುಮನೆಗಳೇ. ಒಂದು ತಂತ್ರಜ್ಞಾನ ಯಾರ ಪರವೂ ನಿಲ್ಲುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಆದರೆ ಅಚ್ಚಾದ ಹಾಳೆಯೂ ಗಾಡಿ ಏರಿಯೇ ಊರು ಸೇರಬೇಕಿತ್ತು. ಒಂದು ಮಾತು ಸಾವಿರವಾಯಿತೇ ಹೊರತು ಆ ಸಾವಿರವೂ ಕುದುರೆಯ ಕಾಲಿನ, ಹಡಗಿನ ಹಾಯಿಯ ವೇಗಕ್ಕೇ ಕಟ್ಟುಬಿದ್ದಿದ್ದವು. ಸುದ್ದಿಯನ್ನು ಯಾರಾದರೂ ಹೊರಲೇಬೇಕು. ಹೊತ್ತವನಿಗಿಂತ ಮೊದಲು ಸುದ್ದಿ ತಲುಪುವಂತಿಲ್ಲ. ಹೊಗೆ, ಗುಡ್ಡದ ಮೇಲಿನ ಬೆಂಕಿಗಳು ಇದಕ್ಕೆ ಅಪವಾದ, ಆದರೆ ಅವು ಮೊದಲೇ ಗೊತ್ತುಮಾಡಿಕೊಂಡ ಒಂದೆರಡು ಮಾತಿನಾಚೆಗೆ ಹೆಚ್ಚೇನೂ ಹೇಳಲಾರವು. ಫ್ರಾನ್ಸಿನಲ್ಲಿ ಕ್ಲೋದ್ ಶಾಪ್ 1794ರಲ್ಲಿ ಪ್ಯಾರಿಸ್‌ನಿಂದ ಲೀಲ್‌ವರೆಗೆ ಗೋಪುರಗಳ ಸಾಲು ನಿಲ್ಲಿಸಿ, ಮರದ ತೋಳುಗಳನ್ನು ಬೇರೆಬೇರೆ ಕೋನಗಳಲ್ಲಿ ತಿರುಗಿಸಿ ಪೂರ್ತಿ ವಾಕ್ಯಗಳನ್ನೇ ಕಳಿಸಿದ. ಮಂಜು ಕವಿದರೆ, ಕತ್ತಲಾದರೆ ಅದೂ ಮೂಕ. ಮೇಲಾಗಿ ಅದು ಸರ್ಕಾರದ ಸೊತ್ತು. ಸಾಮಾನ್ಯರಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಈ ಗಂಟನ್ನು ಬಿಚ್ಚಿದ್ದು ವಿದ್ಯುತ್ ತಂತಿ. ನಮ್ಮ ಭಾಷೆಯಲ್ಲಿ ‘ತಂತಿ’ ಎಂದರೆ ಲೋಹದ ಎಳೆಯೂ ಹೌದು, ಅದರಲ್ಲಿ ಬಂದ ಸಂದೇಶವೂ ಹೌದು. ಹೊರುವುದೂ ಹೊರೆಯೂ ಒಂದೇ ಪದದಲ್ಲಿ ಕೂಡಿಕೊಂಡದ್ದು ನನಗೆ ಬಹಳ ಇಷ್ಟ.

ಇಂಗ್ಲೆಂಡಿನಲ್ಲಿ ಕುಕ್ ಮತ್ತು ವೀಟ್‌ಸ್ಟೋನ್ 1837ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಜನರಿಗೆ ಅದರ ಬಲ ಮನದಟ್ಟಾದದ್ದು 1845ರ ಜನವರಿ 1ರಂದು. ಸ್ಲೌ ಬಳಿ ಹೆಂಗಸೊಬ್ಬಳಿಗೆ ವಿಷವಿಕ್ಕಿ ಕೊಂದ ಜಾನ್ ಟಾವೆಲ್ ಎಂಬಾತ ಲಂಡನ್ನಿನ ರೈಲು ಹತ್ತಿದ. ಅಲ್ಲಿಯವರೆಗೆ ಭೂಮಿಯ ಮೇಲೆ ರೈಲಿಗಿಂತ ವೇಗದ ವಾಹನ ಇರಲಿಲ್ಲ, ಹತ್ತಿದರೆ ತಪ್ಪಿಸಿಕೊಂಡಂತೆಯೇ. ಸ್ಲೌ ನಿಲ್ದಾಣದಿಂದ ಲಂಡನ್ನಿನ ಪ್ಯಾಡಿಂಗ್ಟನ್ ನಿಲ್ದಾಣಕ್ಕೆ ತಂತಿ ಹೋಯಿತು: ಅವನು ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಉಡುಪು ತೊಟ್ಟಿದ್ದಾನೆ ಎಂದು. ಆ ಯಂತ್ರದಲ್ಲಿ ಇಂಗ್ಲಿಷಿನ ‘ಕ್ಯೂ’ ಅಕ್ಷರವೇ ಇರಲಿಲ್ಲ. ಕಳಿಸುವವನು ಆ ಪದವನ್ನು ‘ಕೆ’, ‘ಡಬ್ಲ್ಯು’ ಬಳಸಿ ತಪ್ಪು ಕಾಗುಣಿತದಲ್ಲೇ ಕಳಿಸಿದ. ಪಡೆಯುವವನಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ಕೊನೆಗೂ ಅರ್ಥವಾಯಿತು. ಟಾವೆಲ್ ಇಳಿಯುವ ಹೊತ್ತಿಗೆ ಅವನ ಬೆನ್ನುಹತ್ತಲು ಆಳು ಸಿದ್ಧನಿದ್ದ, ಮರುದಿನ ಬಂಧನವೂ ಆಯಿತು. ಸುದ್ದಿ ಮನುಷ್ಯನನ್ನು ಹಿಂದೆ ಹಾಕಿತ್ತು.

ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸ್ ವೃತ್ತಿಯಿಂದ ಚಿತ್ರಕಾರ. 1825ರ ಫೆಬ್ರವರಿಯಲ್ಲಿ ಅವನು ವಾಷಿಂಗ್ಟನ್‌ನಲ್ಲಿ ಒಂದು ಭಾವಚಿತ್ರದ ಕೆಲಸದಲ್ಲಿದ್ದಾಗ ನ್ಯೂ ಹೇವನ್‌ನಲ್ಲಿ ಹೆಂಡತಿ ಲುಕ್ರೀಷಿಯಾ ತೀರಿಕೊಂಡಳು. ತಂದೆಯ ಪತ್ರ ಕೈಸೇರಿ ಅವನು ಧಾವಿಸಿ ಊರು ಮುಟ್ಟುವಷ್ಟರಲ್ಲಿ ಅವಳನ್ನು ಮಣ್ಣುಮಾಡಿಯೂ ಆಗಿತ್ತು. ಈ ದುಃಖವೇ ಅವನಿಂದ ಟೆಲಿಗ್ರಾಫ್ ಮಾಡಿಸಿತು ಎಂದು ಹಲವರು ಬರೆಯುತ್ತಾರೆ. ಹಾಗೆ ನಂಬಲು ನನಗೂ ಆಸೆ, ಆದರೆ ಆ ಯೋಚನೆ ಅವನಿಗೆ ಹೊಳೆದದ್ದು ಏಳು ವರ್ಷಗಳ ನಂತರ, ಯುರೋಪಿನಿಂದ ಮರಳುವ ಹಡಗಿನಲ್ಲಿ. 1844ರ ಮೇ 24ರಂದು ಅವನು ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ಮೊದಲ ಸಂದೇಶ ಕಳಿಸಿದ. ಈ ದೂರ ಸುಮಾರು 60 ಕಿಲೋಮೀಟರ್.

ಆಮೇಲಿನ ಬದಲಾವಣೆಗಳು ಸದ್ದಿಲ್ಲದೆ ಬಂದವು, ಆದ್ದರಿಂದಲೇ ಅವು ನಮಗೆ ಕಾಣುವುದಿಲ್ಲ. ಗಡಿಯಾರವನ್ನೇ ನೋಡಿ. ಮೊದಲು ಪ್ರತಿ ಊರಿನ ಮಧ್ಯಾಹ್ನ ಆ ಊರಿನ ಸೂರ್ಯನದು. ಬ್ರಿಸ್ಟಲ್‌ನ ಗಡಿಯಾರ ಲಂಡನ್‌ಗಿಂತ ಹತ್ತು ನಿಮಿಷ ಹಿಂದಿರುತ್ತಿತ್ತು. ರೈಲಿಗೆ ಒಂದೇ ವೇಳೆ ಬೇಕಾಯಿತು, ಅದನ್ನು ಊರೂರಿಗೆ ಮುಟ್ಟಿಸಿದ್ದು ತಂತಿ. 1883ರ ನವೆಂಬರ್ 18ರಂದು ಅಮೆರಿಕ ಮತ್ತು ಕೆನಡಾದ ರೈಲ್ವೆಗಳು ಪ್ರಮಾಣಿತ ಸಮಯಕ್ಕೆ ಬದಲಾದಾಗ, ಗಡಿಯಾರ ಹಿಂದಕ್ಕೆ ತಿರುಗಿಸಬೇಕಾದ ಊರುಗಳಲ್ಲಿ ಆ ದಿನ ಹನ್ನೆರಡು ಗಂಟೆ ಎರಡು ಸಲ ಹೊಡೆಯಿತು. ಸೂರ್ಯನ ಲೆಕ್ಕ ಬಿಟ್ಟು ದೂರದ ಸಂಕೇತದ ಲೆಕ್ಕಕ್ಕೆ ಬಾಳನ್ನು ಹೊಂದಿಸಿಕೊಳ್ಳುವುದು ಸಣ್ಣ ಬದಲಾವಣೆಯೇ?

ಸುದ್ದಿಯ ಸ್ವರೂಪವೂ ಬದಲಾಯಿತು. ತಂತಿಯ ದರ ದುಬಾರಿ, ಆದ್ದರಿಂದ 1846ರಲ್ಲಿ ನ್ಯೂಯಾರ್ಕಿನ ಕೆಲವು ಪತ್ರಿಕೆಗಳು ಖರ್ಚು ಹಂಚಿಕೊಂಡು ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ ಕಟ್ಟಿದವು. ಯುರೋಪಿನಲ್ಲಿ ಬ್ರಸೆಲ್ಸ್ ಮತ್ತು ಆಖೆನ್ ನಡುವೆ ತಂತಿ ಇನ್ನೂ ಕೂಡಿಲ್ಲದ ಜಾಗವನ್ನು ಪೌಲ್ ಜೂಲಿಯಸ್ ರಾಯ್ಟರ್ 1850ರಲ್ಲಿ ಪಾರಿವಾಳಗಳಿಂದ ತುಂಬಿದ. ಅವು ಹೊತ್ತದ್ದು ಪೇಟೆಯ ದರಗಳನ್ನು. ಇನ್ನೊಂದು ಊರಿನ ಬೆಲೆ ಮೊದಲೇ ತಿಳಿದವನಿಗೆ ಲಾಭ, ತಿಳಿಯದವನಿಗೆ ನಷ್ಟ ಎನ್ನುವ ಹಳೆಯ ಅಂತರ ದಿನಗಳಿಂದ ಗಂಟೆಗಳಿಗೆ, ಗಂಟೆಗಳಿಂದ ನಿಮಿಷಗಳಿಗೆ ಇಳಿಯುತ್ತಾ ಹೋಯಿತು.

ರೇಡಿಯೊ ಬಂದು ತಂತಿಯನ್ನೂ ಕಳಚಿತು, ಓದು ಬಾರದವರ ಕಿವಿಯನ್ನೂ ಮುಟ್ಟಿತು. 1933ರಲ್ಲಿ ನಾಜಿ ಜರ್ಮನಿ ಅಗ್ಗದ ‘ಜನರ ರೇಡಿಯೊ’ವನ್ನು ಮಾರುಕಟ್ಟೆಗೆ ತಂದದ್ದು ಅದರ ಬಲವನ್ನು ಚೆನ್ನಾಗಿ ಅರಿತೇ. ಆದರೆ ಯಂತ್ರ ಇದ್ದಮಾತ್ರಕ್ಕೆ ಸಮಾಜ ಬದಲಾಗುವುದಿಲ್ಲ ಎನ್ನಲು 1912ರ ಏಪ್ರಿಲ್ 14ರ ರಾತ್ರಿ ಸಾಕು. ಟೈಟಾನಿಕ್ ಹಿಮಗಡ್ಡೆಗೆ ಬಡಿದದ್ದು 11.40ಕ್ಕೆ. ಸಮೀಪದಲ್ಲೇ ನಿಂತಿದ್ದ ಕ್ಯಾಲಿಫೋರ್ನಿಯನ್ ಹಡಗಿನಲ್ಲಿದ್ದವನು ಒಬ್ಬನೇ ವೈರ್‌ಲೆಸ್ ಆಪರೇಟರ್. ದಿನದ ಪಾಳಿ ಮುಗಿಸಿ ಯಂತ್ರ ನಿಲ್ಲಿಸಿ ಕೆಲವೇ ನಿಮಿಷಗಳಾಗಿದ್ದವು. ಸುಮಾರು 1,500 ಜೀವ ಹೋದ ಮೇಲೆ, ಪ್ರಯಾಣಿಕ ಹಡಗುಗಳಲ್ಲಿ ಇಡೀ ರಾತ್ರಿ ಯಾರಾದರೂ ಕಿವಿಗೊಟ್ಟು ಕೂತಿರಬೇಕು ಎಂಬ ನಿಯಮ ಬಂತು. ಜೀವ ಉಳಿಸುವ ಶಕ್ತಿ ಯಂತ್ರಕ್ಕೆ ಬಂದದ್ದು ಆ ಪಾಳಿಯಿಂದ.

ಹಾಗಾದರೆ ಇಂಟರ್‌ನೆಟ್‌ನಲ್ಲಿ ಹೊಸದೇನೂ ಇಲ್ಲವೇ? ಖಂಡಿತ ಇದೆ, ಆದರೆ ಅದರ ಹೊಸತನ ವೇಗದಲ್ಲಿಲ್ಲ. ತಂತಿ ಕಳಿಸಲು ಕಚೇರಿಗೆ ಹೋಗಬೇಕಿತ್ತು, ಪದ ಎಣಿಸಿ ಹಣ ಕಟ್ಟಬೇಕಿತ್ತು, ರೇಡಿಯೊ, ಟಿ.ವಿ.ಗಳಲ್ಲಿ ಮಾತನಾಡುವವರು ಬೆರಳೆಣಿಕೆಯ ಮಂದಿ, ಉಳಿದವರೆಲ್ಲ ಕೇಳುಗರು. ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್ಬನ್ನು ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ 1993ರ ಏಪ್ರಿಲ್ 30ರಂದು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ಮೇಲೆ ಕೇಳುವವನೇ ಹೇಳುವವನೂ ಆದ. ಇದು ದೊಡ್ಡ ಬದಲಾವಣೆ. ಆದರೂ ತಂತಿ ತೆರೆದ ಬಾಗಿಲಲ್ಲೇ ರೇಡಿಯೊ, ಟಿ.ವಿ., ಇಂಟರ್‌ನೆಟ್ ಎಲ್ಲವೂ ಒಳಬಂದವು ಎನ್ನುವುದು ನನ್ನ ವಾದ.

ಇದನ್ನು ಸಮುದ್ರದ ತಳದಲ್ಲಿ ಕಣ್ಣಾರೆ ಕಾಣಬಹುದು. 1858ರಲ್ಲಿ ಅಟ್ಲಾಂಟಿಕ್ ಅಡಿಯ ಮೊದಲ ಕೇಬಲ್‌ನಲ್ಲಿ ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು ಸುಮಾರು 16 ಗಂಟೆ ಹಿಡಿಯಿತು. ಕೆಲವೇ ವಾರಗಳಲ್ಲಿ ಆ ಕೇಬಲ್ ಸತ್ತೇಹೋಯಿತು. 1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಹೊಸ ಕೇಬಲ್ ಇಳಿಸಿತು. ಹಿಂದಿನ ವರ್ಷ ತುಂಡಾಗಿ ಮುಳುಗಿದ್ದ ಕೇಬಲನ್ನು ಸಾಗರದಾಳಕ್ಕೆ ಕೊಕ್ಕೆ ಬಿಟ್ಟು ಹುಡುಕಿ, ಮೇಲೆತ್ತಿ, ಬೆಸೆದು ಪೂರ್ತಿಯೂ ಮಾಡಿತು. ಇಂದು ಖಂಡದಿಂದ ಖಂಡಕ್ಕೆ ಹೋಗುವ ಇಂಟರ್‌ನೆಟ್‌ನ ಬಹುಪಾಲು ಹರಿಯುವುದು ಉಪಗ್ರಹಗಳಲ್ಲಲ್ಲ, ಇಂಥ ಕೇಬಲ್‌ಗಳಲ್ಲೇ. ತಾಮ್ರದ ಜಾಗಕ್ಕೆ ಕೂದಲೆಳೆಯಂಥ ಗಾಜು ಬಂದಿದೆ. ಅದು ತುಂಡಾದರೆ ಈಗಲೂ ಒಂದು ಹಡಗು ಹೊರಡುತ್ತದೆ, ಕೊಕ್ಕೆ ಇಳಿಸುತ್ತದೆ, ತುದಿಗಳನ್ನು ಮೇಲೆತ್ತಿ ಬೆಸೆಯುತ್ತದೆ.